ಓದುಗರ ಪ್ರಶ್ನೆ: ಹೂವನ್ನು ಒಮ್ಮೆ ಬೋರಲು ಹಾಕಿ ನೋಡಿ

ದಸರಾ, ದೀಪಾವಳಿ ಹತ್ತಿರ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧ ಹೂವಿನ ವಿಷಯವೇ ಇರುತ್ತವೆ. ಈ ಸಲ ಆರು ಪತ್ರ ಆರಿಸಿದ್ದೇನೆ. ಆರೂ ಒಂದೇ ಕುಟುಂಬದ ಸುತ್ತ ತಿರುಗುತ್ತವೆ. ಸೇವಂತಿಗೆ, ಚೆಂಡು ಹೂ, ಸೂರ್ಯಕಾಂತಿ, ಕುಸುಬಿ, ಕಾಂಗ್ರೆಸ್ ಕಸ ಎಲ್ಲ ಸೇರಿದ ಆಸ್ಟರೇಸಿ ಕುಟುಂಬ ಅದು. ಜಗತ್ತಿನಲ್ಲಿ ಈ ಕುಟುಂಬದ ಗಿಡಗಳು 24,000ಕ್ಕೂ ಹೆಚ್ಚು ಪ್ರಭೇದ ಇವೆ, ಹಾಗಾಗಿ ನಮ್ಮ ಗೊಂದಲ ಮುಗಿಯುವ ಮಾತೇ ಇಲ್ಲ. ನಾನು ಬಾಗಲಕೋಟೆಯಲ್ಲಿ ಬಹಳ ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವನು. ಉತ್ತರ ಉದ್ದವಾದರೆ ಅದು ಹಳೇ ಚಟ ಅಂದುಕೊಳ್ಳಿ.

ಪ್ರಶ್ನೆ: ಬೆಳಗಾವಿಯಲ್ಲಿ ನಮ್ಮದು ಸಣ್ಣ ಹೂವಿನ ಅಂಗಡಿ ಇದೆ. ಬಣ್ಣಬಣ್ಣದ ಆಸ್ಟರನ್ನು ಎಷ್ಟೋ ಜನ ಸೇವಂತಿಗೆ ಅಂತಲೇ ಕೇಳುತ್ತಾರೆ, ನಾನೂ ಸುಮ್ನೆ ಕೊಡುತ್ತೇನೆ. ಕಾಲೇಜಿಗೆ ಹೋಗುವ ಮಗಳು ಎರಡೂ ಬೇರೆ ಅನ್ನುತ್ತಾಳೆ. ಅದೂ ಅಲ್ಲದೆ ಒಂದು ಸೇವಂತಿಗೆ ಅಂದರೆ ಒಂದು ಹೂವಲ್ಲ, ನೂರಾರು ಹೂವು ಅಂತಾಳೆ. ಹಾಗಾದರೆ ಒಂದು ಮೊಳಕ್ಕೆ ನಾನು ಎಷ್ಟು ಹೂವು ಮಾರುತ್ತಿದ್ದೇನೆ ಸರ್?

ಉತ್ತರ: ಅಕ್ಕಾ, ನಿಮ್ಮ ಮಗಳು ಎರಡರಲ್ಲೂ ಸರಿ. ಈಗ ಒಂದು ಕೆಲಸ ಮಾಡಿ. ಒಂದು ಸೇವಂತಿಗೆ ತಗೊಂಡು ಒಂದೇ ಒಂದು ಎಸಳನ್ನು ಬುಡದಿಂದ ಮೆಲ್ಲಗೆ ಕೀಳಿ. ಬುಡದಲ್ಲಿ ಸಣ್ಣ ಕೊಳವೆ ಕಾಣುತ್ತದೆ, ಅದರೊಳಗಿಂದ ಎರಡು ಕವಲಾದ ದಾರದಂಥದ್ದು ಹೊರಗೆ ಇಣುಕುತ್ತಿರುತ್ತದೆ. ನೀವು ಎಸಳು ಅಂದುಕೊಂಡಿದ್ದೇ ಒಂದು ಪೂರ್ತಿ ಹೂವು. ಇಂಥ ಹೂವುಗಳು ನೂರಾರು ಒಂದೇ ಗದ್ದುಗೆಯ ಮೇಲೆ ಒತ್ತೊತ್ತಾಗಿ ಕೂತು, ಸುತ್ತ ಹಸಿರು ಬಟ್ಟಲು ಕಟ್ಟಿಕೊಂಡು, ದೂರದಿಂದ ಒಂದೇ ಹೂವಿನ ಹಾಗೆ ಕಾಣುತ್ತವೆ. ನಾನು ಇದನ್ನು ಹೂತಲೆ ಅನ್ನುತ್ತೇನೆ. ಸೂರ್ಯಕಾಂತಿಯಲ್ಲಿ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಅಂಚಿನ ಹಳದಿ ಎಸಳುಗಳು ಬಂಜೆ ಹೂವುಗಳು, ಜೇನುಹುಳ ಕರೆಯುವುದಷ್ಟೇ ಅವುಗಳ ಕೆಲಸ. ನಡುವಿನ ಕಂದು ತಟ್ಟೆಯಲ್ಲಿ ಸಾವಿರ, ಎರಡು ಸಾವಿರ ಸಣ್ಣ ಹೂವು ಇರುತ್ತವೆ, ಒಂದೊಂದೂ ಒಂದೊಂದು ಕಾಳಾಗುತ್ತದೆ.

ಇನ್ನು ಆಸ್ಟರ್ ವಿಷಯ. ಮೇಲಿನಿಂದ ನೋಡಿದರೆ ಮೋಸ ಹೋಗುತ್ತೀರಿ. ಹೂವನ್ನು ಬೋರಲು ಹಾಕಿ ತೊಟ್ಟಿನ ಕಡೆ ನೋಡಿ. ಆಸ್ಟರಿನಲ್ಲಿ ಹೊರಸುತ್ತಿನ ಹಸಿರು ದಳಗಳು ದೊಡ್ಡವು, ಥೇಟ್ ಎಲೆಯ ಹಾಗೆ ಅಗಲಿಸಿಕೊಂಡು ನಿಂತಿರುತ್ತವೆ. ಸೇವಂತಿಗೆಯಲ್ಲಿ ಅವು ಸಣ್ಣವು, ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಅಂಟಿರುತ್ತವೆ, ಅಂಚು ಒಣ ಕಾಗದದಂತೆ ತೆಳ್ಳಗೆ. ಇಷ್ಟು ಸಾಲದಿದ್ದರೆ ಎಲೆ ತಿಕ್ಕಿ ಮೂಸಿ, ಸೇವಂತಿಗೆ ಎಲೆಯ ಘಾಟು ಬಚ್ಚಿಟ್ಟರೂ ಗೊತ್ತಾಗುತ್ತದೆ. ಮತ್ತೂ ಅನುಮಾನ ಇದ್ದರೆ ಒಂದು ಹೂ ಕಿತ್ತು ಬುಡ ನೋಡಿ. ಆಸ್ಟರಿನ ಬುಡದಲ್ಲಿ ಸಣ್ಣ ಕೂದಲಿನ ಕುಚ್ಚು ಇದೆ, ಸೇವಂತಿಗೆ ಬುಡ ಬೋಳು.

ಆಸ್ಟರ್ ಅಂತ ನೀವು ಮಾರುವುದು ಚೀನಾ ಆಸ್ಟರ್. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಹತ್ತಿರದ ಪ್ರಭೇದಗಳು ಸೇರಿ ಒಂದು ಕುಲ, ಹತ್ತಿರದ ಕುಲಗಳು ಸೇರಿ ಒಂದು ಪಂಗಡ, ಪಂಗಡಗಳು ಸೇರಿ ಕುಟುಂಬ. ಆ ಲೆಕ್ಕದಲ್ಲಿ ಅದು ಆಸ್ಟರ್ ಕುಲದ್ದೂ ಅಲ್ಲ. ಕ್ಯಾಲಿಸ್ಟೆಫಸ್ ಎಂಬ ಬೇರೆ ಕುಲ, ಆ ಕುಲದಲ್ಲಿ ಅದೊಂದೇ ಪ್ರಭೇದ, ಒಂಟಿ ಮನೆ. ಸೇವಂತಿಗೆಗೆ ಹತ್ತಿರದ ನೆಂಟ ಯಾರು ಗೊತ್ತಾ? ದವನದ ಹುಣ್ಣಿಮೆಗೆ ದೇವರಿಗೆ ಏರಿಸುತ್ತೀರಲ್ಲ, ಆ ದವನ. ಚೆಂದದ ಎಸಳಿಲ್ಲ, ಹೂವು ಬಿಟ್ಟಿದ್ದೇ ಕಾಣುವುದಿಲ್ಲ, ಆದರೂ ಪಂಗಡ ಒಂದೇ. ಅಂಗಡಿಯಲ್ಲಿ ಪಕ್ಕಪಕ್ಕ ಕೂರುವ ಆಸ್ಟರ್ ದೂರದವನು, ವಾಸನೆಗೆ ಇಟ್ಟುಕೊಂಡ ದವನ ಹತ್ತಿರದವನು.

ಮೊಳದ ಲೆಕ್ಕ ನೀವೇ ಹಾಕಿಕೊಳ್ಳಿ, ಆದರೆ ದಯವಿಟ್ಟು ಆ ಲೆಕ್ಕದಲ್ಲಿ ದರ ಏರಿಸಬೇಡಿ.

ಪ್ರಶ್ನೆ: ಸರ್, ನಾನು ಬಾಗಲಕೋಟೆಯಲ್ಲಿ ಬಿಎಸ್ಸಿ ಓದುತ್ತಿದ್ದೇನೆ. ಪ್ರಾಕ್ಟಿಕಲ್‌ಗೆ ಒಣಗಿಸಿದ ಗಿಡಗಳ ಹಾಳೆ ಮಾಡಬೇಕಿತ್ತು. ಎತ್ತರದ ದೊಡ್ಡ ಚೆಂಡು ಹೂವನ್ನು ಟ್ಯಾಜೆಟಿಸ್ ಇರೆಕ್ಟಾ ಅಂತ, ಗಿಡ್ಡ ಕೆಂಪು ಮಚ್ಚೆಯದನ್ನು ಟ್ಯಾಜೆಟಿಸ್ ಪ್ಯಾಟುಲಾ ಅಂತ ಬರೆದೆ. ಎರಡೂ ಒಂದೇ ಪ್ರಭೇದ ಅಂತ ಹೇಳಿ ಅಂಕ ಕತ್ತರಿಸಿದರು. ನಮ್ಮ ಪುಸ್ತಕದಲ್ಲಿ ಎರಡು ಅಂತ ಇದೆ. ಯಾವುದು ಸರಿ?

ಉತ್ತರ: ತಂಗಿ, ನಿನ್ನ ಪತ್ರ ಓದಿ ನನಗೆ ಖುಷಿ ಆಯಿತು, ಯಾಕೆಂದರೆ ದೊಡ್ಡ ದೊಡ್ಡವರು ಜಗಳ ಆಡುವ ಜಾಗಕ್ಕೇ ನೀನು ಹೋಗಿ ಕೈ ಹಾಕಿದ್ದೀಯ.

ಗಿಡಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ನೆಲೆಗೊಳಿಸಿದ ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಇಟ್ಟ. ಎರಡೂ ಮೆಕ್ಸಿಕೋ ಕಡೆಯ ಗಿಡಗಳು. ಒಂದಕ್ಕೆ ಆಫ್ರಿಕನ್, ಇನ್ನೊಂದಕ್ಕೆ ಫ್ರೆಂಚ್ ಅಂತ ಬೀಜದ ಪೊಟ್ಟಣದ ಮೇಲೆ ಬರೆಯುತ್ತಾರಲ್ಲ, ಆ ಎರಡೂ ಊರಿಗೂ ಹುಟ್ಟಿಗೂ ಸಂಬಂಧವಿಲ್ಲ. ಇವತ್ತು ಲಂಡನ್ನಿನ ಕ್ಯೂ ಉದ್ಯಾನದವರ ಪಟ್ಟಿ ತೆಗೆದರೆ ಪ್ಯಾಟುಲಾ ಅನ್ನುವುದು ಇರೆಕ್ಟಾದ ಇನ್ನೊಂದು ಹೆಸರು ಅಷ್ಟೇ ಅಂತ ಇದೆ. ನಿನ್ನ ಪರೀಕ್ಷಕರು ಬಹುಶಃ ಅದನ್ನು ಹಿಡಿದಿದ್ದಾರೆ. ಹಾಗಂತ ನಿನ್ನ ಪುಸ್ತಕ ಸುಳ್ಳಾ? ಅಲ್ಲ.

ನೋಡು, ಎರಡು ಗಿಡ ಒಂದೇ ಪ್ರಭೇದವೋ ಬೇರೆಯೋ ಅಂತ ಹೇಳಲು ಜನ ಬೇರೆ ಬೇರೆ ಅಳತೆಗೋಲು ಹಿಡಿಯುತ್ತಾರೆ. ಒಬ್ಬರು ಒಣಗಿಸಿದ ನೂರಾರು ಗಿಡಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಾಗ ಎಲ್ಲಾದರೂ ಗೆರೆ ಎಳೆಯಲು ಆಗುತ್ತಾ ಅಂತ ನೋಡುತ್ತಾರೆ. ಚೆಂಡು ಹೂವಿನಲ್ಲಿ ಆ ಗೆರೆ ಸಿಗುವುದು ಕಷ್ಟ, ಎತ್ತರ, ಹೂವಿನ ಅಗಲ, ಬಣ್ಣ ಎಲ್ಲದರಲ್ಲೂ ನಡುವಿನವು ಬಂದುಬಿಡುತ್ತವೆ. ಇನ್ನೊಬ್ಬರು ಕೂಡಿಸಿ ನೋಡುತ್ತಾರೆ, ಹುಟ್ಟಿದ ಮರಿಗೆ ಸಂತಾನ ಆಗುತ್ತಾ ಅಂತ. ಇಲ್ಲಿ ಕಥೆ ಬೇರೆಯಾಗುತ್ತದೆ. ಇರೆಕ್ಟಾದ ವರ್ಣತಂತುಗಳು, ಅಂದರೆ ಜೀವಕೋಶದೊಳಗೆ ವಂಶದ ಗುಣ ಹೊರುವ ಎಳೆಗಳು, 24, ಪ್ಯಾಟುಲಾದ್ದು 48. ಎರಡನ್ನೂ ಕೂಡಿಸಿದರೆ 36 ವರ್ಣತಂತುಗಳ ಗಿಡ ಬರುತ್ತದೆ, ಚೆನ್ನಾಗಿ ಬೆಳೆಯುತ್ತದೆ, ಹೂವೂ ಬಿಡುತ್ತದೆ, ಆದರೆ ಬೀಜ ಕಟ್ಟುವುದಿಲ್ಲ. ಕುದುರೆ ಕತ್ತೆ ಕೂಡಿ ಹೇಸರಗತ್ತೆ ಆದ ಹಾಗೆ. ಬೀಜದ ಕಂಪನಿಗಳು ಇದನ್ನೇ ಲಾಭ ಮಾಡಿಕೊಂಡಿವೆ. ಬೀಜಕ್ಕೆ ಶಕ್ತಿ ಹಾಕದ ಗಿಡ ಹೂವನ್ನೇ ಬಿಡುತ್ತಾ ಹೋಗುತ್ತದಲ್ಲ, ಹಾಗಾಗಿ ಈ ಮಿಶ್ರ ತಳಿ ಉದ್ಯಾನದವರಿಗೆ ಇಷ್ಟ.

ನನ್ನನ್ನು ಕೇಳಿದರೆ ನಾನು ಎರಡು ಅನ್ನುವವರ ಕಡೆ. ಒಂದರ ವರ್ಣತಂತು ಇನ್ನೊಂದರ ಎರಡರಷ್ಟಿದ್ದು ಮಕ್ಕಳು ಬಂಜೆಯಾಗುತ್ತಿದ್ದರೆ ಅವೆರಡೂ ಒಂದೇ ಮನೆ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ನಿನ್ನ ಹಾಳೆಯಲ್ಲಿ ನೀನು ಕೊಟ್ಟ ಕಾರಣ ನೋಡು: ಎತ್ತರ ಮತ್ತು ಬಣ್ಣ. ಅದು ಸಾಲದು. ಒಂದೇ ಪೊಟ್ಟಣದ ಬೀಜವನ್ನು ಘಟಪ್ರಭೆ ನೀರು ಹಾಯುವ ಎರೆ ಹೊಲದಲ್ಲಿ ಒಮ್ಮೆ, ಮಾಳಿಗೆಯ ಮೇಲಿನ ಡಬ್ಬಿಯಲ್ಲಿ ಒಮ್ಮೆ ಹಾಕು, ಎರಡು ಬೇರೆ ಜಾತಿಯ ಹಾಗೆ ಬೆಳೆಯುತ್ತವೆ. ಬಣ್ಣವಂತೂ ಇನ್ನೂ ಮೋಸ. ಚೆಂಡು ಹೂವಿನಲ್ಲಿ ಎಸಳು ತುಂಬಿರುವುದೂ ಹಾಗೇ, ನಡುವಿನ ಕೊಳವೆ ಹೂಗಳೇ ಅಂಚಿನ ಹೂವಿನ ರೂಪ ತಾಳಿರುತ್ತವೆ, ಅದನ್ನು ಮಾಡಿದ್ದು ಮನುಷ್ಯನ ಆಯ್ಕೆ. ಹಾಳೆಯ ಕೆಳಗೆ ವರ್ಣತಂತುಗಳ ಲೆಕ್ಕ ಬರೆದು, ಕೆಲವರು ಎರಡನ್ನೂ ಕೂಡಿಸುತ್ತಾರೆ, ನಾನು ಈ ಕಾರಣಕ್ಕೆ ಬೇರೆ ಇಟ್ಟಿದ್ದೇನೆ ಅಂತ ಒಂದು ಸಾಲು ಸೇರಿಸಿದ್ದರೆ ಯಾರೂ ಕತ್ತರಿಸುತ್ತಿರಲಿಲ್ಲ. ಕತ್ತರಿಸಿದರೆ ಜಗಳ ಮಾಡಲು ನಿನ್ನ ಹತ್ತಿರ ಏನಾದರೂ ಇರುತ್ತಿತ್ತು.

ಒಂದು ಮಾತ್ರ ಯಾರೂ ಜಗಳ ಆಡುವುದಿಲ್ಲ, ಅದು ಟ್ಯಾಜೆಟಿಸ್ ಕುಲ. ಹೂವಿನ ಬುಡದ ಹಸಿರು ದಳಗಳೆಲ್ಲ ಒಂದಕ್ಕೊಂದು ಅಂಟಿ ಒಂದೇ ಲೋಟ ಆಗಿರುತ್ತವೆ. ಆ ಲೋಟದ ಮೇಲೆ, ಎಲೆಯ ಮೇಲೆ ಎಣ್ಣೆಯ ಚುಕ್ಕಿಗಳಿರುತ್ತವೆ, ಎಲೆಯನ್ನು ಬಿಸಿಲಿಗೆ ಹಿಡಿದರೆ ಕಾಣುತ್ತವೆ. ಆ ವಾಸನೆ ಅಲ್ಲಿಂದಲೇ.

ಹೆಸರು ಬದಲಾದರೆ ಬೇಜಾರು ಮಾಡಿಕೊಳ್ಳಬೇಡ, ಸೇವಂತಿಗೆಗೂ ಇದೇ ಗತಿ ಆಗಿತ್ತು. ಕ್ರೈಸಾಂಥಿಮಮ್ ಅನ್ನುವ ಕುಲ ಒಂದು ಕಾಲಕ್ಕೆ ದೊಡ್ಡ ಛತ್ರದ ಹಾಗಿತ್ತು, ಬಂದವರೆಲ್ಲ ಅಲ್ಲೇ. ಆಮೇಲೆ ಅದನ್ನು ಒಡೆದು ಸಣ್ಣ ಸಣ್ಣ ಮನೆ ಮಾಡಿದರು. ನಿಯಮದ ಪ್ರಕಾರ ಹಳೇ ಹೆಸರು ಮೆಡಿಟರೇನಿಯನ್ ಕಡೆಯ ಒಂದು ಹಳದಿ ಗಿಡದ ಗುಂಪಿಗೆ ಉಳಿಯಬೇಕಿತ್ತು, ಜಗತ್ತೆಲ್ಲ ಮಾರುವ ಸೇವಂತಿಗೆಗೆ ಡೆಂಡ್ರಾಂಥಿಮಾ ಅಂತ ಹೊಸ ಹೆಸರು ಬಂತು. ಹೂವಿನ ವ್ಯಾಪಾರದವರು, ತೋಟಗಾರಿಕೆಯವರು ಒಪ್ಪಲಿಲ್ಲ. ಕೊನೆಗೆ 1999ರ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ಸೇವಂತಿಗೆಯ ಗುಂಪಿಗೇ ಹಳೇ ಹೆಸರು ವಾಪಸ್ ಕೊಟ್ಟು, ಆ ಹಳದಿ ಗಿಡವನ್ನು ಗ್ಲೆಬಿಯೋನಿಸ್ ಎಂಬ ಹೆಸರಿಗೆ ಕಳಿಸಿದರು. ಗಿಡಗಳಿಗೆ ಇದ್ಯಾವುದೂ ಗೊತ್ತಿಲ್ಲ ಬಿಡು.

ಪ್ರಶ್ನೆ: ನಮ್ಮದು ಸಿಂದಗಿ ಕಡೆ. ಹೊಲದಲ್ಲಿ ಕುಸುಬಿ, ಸೂರ್ಯಕಾಂತಿ ಎರಡೂ ಹಾಕುತ್ತೇವೆ, ಮನೆಗೆ ಬೇಕಾಗುವಷ್ಟು ಗುರೆಳ್ಳೂ ಇರುತ್ತದೆ. ಮೂರೂ ಎಣ್ಣೆಕಾಳು, ಮೂರೂ ಒಂದೇ ಕುಟುಂಬ ಅಂತ ರೇಡಿಯೋದಲ್ಲಿ ಕೇಳಿದೆ. ಹಾಗಾದರೆ ಇವನ್ನು ಒಂದಕ್ಕೊಂದು ಕ್ರಾಸ್ ಮಾಡಲು ಬರುತ್ತದಾ? ಮುಳ್ಳಿಲ್ಲದ ಕುಸುಬಿ ಹಾಗೇ ಬಂದದ್ದಾ?

ಉತ್ತರ: ಅಣ್ಣಾರೇ, ಕುಟುಂಬ ಒಂದೇ, ಮನೆತನ ಬೇರೆ. ಒಂದೇ ಅಡ್ಡಹೆಸರಿನವರು ಜಿಲ್ಲೆ ತುಂಬಾ ಇರುತ್ತಾರಲ್ಲ, ಎಲ್ಲರೂ ಅಣ್ಣತಮ್ಮಂದಿರಾ?

ಈ ಕುಟುಂಬವನ್ನು ಪಂಗಡಗಳಾಗಿ ವಿಂಗಡಿಸಿದವರಲ್ಲಿ ಮೊದಲಿಗರು ಫ್ರಾನ್ಸಿನ ಆನ್ರಿ ಕ್ಯಾಸಿನಿ. ಹುಟ್ಟಿದ್ದು 1781, ತೀರಿಕೊಂಡದ್ದು 1832. ಖಗೋಳ ವಿಜ್ಞಾನಿಗಳ ಮನೆತನದ ಕುಡಿ, ವೃತ್ತಿಯಿಂದ ನ್ಯಾಯಾಧೀಶ, ಬಿಡುವಿನಲ್ಲಿ ಹೂವು ಬಿಡಿಸುತ್ತಾ ಕೂರುತ್ತಿದ್ದರು. ಎಸಳಿನ ಬಣ್ಣ ಬಿಟ್ಟು ಅವರು ನೋಡಿದ್ದು ಹೂವಿನ ನಡುವಿನ ದಾರ, ಅದರ ತುದಿ ಹೇಗೆ ಕವಲೊಡೆದಿದೆ, ರೋಮ ಎಲ್ಲಿದೆ ಅನ್ನುವುದು. ಆ ಲೆಕ್ಕ ಇವತ್ತಿಗೂ ಬಹುಮಟ್ಟಿಗೆ ನಿಂತಿದೆ. ಕುಸುಬಿ ಹೂವಿನ ದಾರದಲ್ಲಿ ಕವಲಿನ ಸ್ವಲ್ಪ ಕೆಳಗೆ ಒಂದು ಉಬ್ಬು, ರೋಮದ ಉಂಗುರ ಇರುತ್ತದೆ. ಅದು ಮುಳ್ಳು ಗಿಡಗಳ ಪಂಗಡದ ಗುರುತು. ಕುಸುಬಿಯಲ್ಲಿ ಅಂಚಿನ ಎಸಳೇ ಇಲ್ಲ, ಎಲ್ಲವೂ ಕೊಳವೆ ಹೂಗಳು. ನಿಮ್ಮ ಕಡೆ ಒಣ ಬಯಲಿನಲ್ಲಿ ನೀಲಿಬಿಳಿ ಚೆಂಡಿನ ಹಾಗೆ ಗುಂಡಗೆ, ಮುಟ್ಟಿದರೆ ಚುಚ್ಚುವ ಗಿಡ ಇದೆಯಲ್ಲ, ಸಸ್ಯಶಾಸ್ತ್ರದಲ್ಲಿ ಎಕಿನಾಪ್ಸ್, ಅದು ಕುಸುಬಿಯ ಪಂಗಡ. ಅದರದ್ದು ಇನ್ನೊಂದು ತಮಾಷೆ. ಅಲ್ಲಿ ಒಂದು ಹೂತಲೆಯಲ್ಲಿ ಒಂದೇ ಹೂವು, ಅಂಥ ತಲೆಗಳು ಹತ್ತಾರು ಸೇರಿ ಆ ಚೆಂಡು.

ಸೂರ್ಯಕಾಂತಿ ಅಮೆರಿಕದ್ದು, ಗುರೆಳ್ಳು ಇಥಿಯೋಪಿಯಾದ್ದು. ಅವೆರಡೂ ಒಂದಕ್ಕೊಂದು ಸ್ವಲ್ಪ ಹತ್ತಿರ, ಕುಸುಬಿ ಬಹಳ ದೂರ. ವರ್ಣತಂತುಗಳು ಕುಸುಬಿಗೆ 24, ಗುರೆಳ್ಳಿಗೆ 30, ಸೂರ್ಯಕಾಂತಿಗೆ 34. ಮೂರನ್ನೂ ಪಕ್ಕಪಕ್ಕ ಹಾಕಿದರೂ ಕೂಡುವುದಿಲ್ಲ, ಚಿಂತೆ ಬಿಡಿ.

ಮುಳ್ಳಿಲ್ಲದ ಕುಸುಬಿಗೆ ಯಾವ ಹೊರಗಿನ ಗಿಡವೂ ಬೇಕಾಗಿಲ್ಲ. ಮುಳ್ಳು ಇರುವುದು, ಇಲ್ಲದಿರುವುದು ಕುಸುಬಿಯ ಒಳಗೇ ಇರುವ ಗುಣ. ಮಹಾರಾಷ್ಟ್ರದ ಫಲಟಣದಲ್ಲಿರುವ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆಯ ನಾರಿ-6 ಅಂಥ ಮುಳ್ಳಿಲ್ಲದ ತಳಿ. ಪ್ರಭೇದ ಅದೇ. ದನ ಬರದಂತೆ ಜೋಳದ ಅಂಚಿಗೆ ಹಾಕುವುದಾದರೆ ಮಾತ್ರ ಹಳೇ ಮುಳ್ಳಿನ ಕುಸುಬಿಯೇ ಆಗಬೇಕು.

ಆದರೆ ನಿಮ್ಮ ಕ್ರಾಸ್ ಪ್ರಶ್ನೆ ಸುಮ್ನೆ ಅಲ್ಲ. ಹತ್ತಿರದ ನೆಂಟರಲ್ಲಿ ಅದು ಆಗುತ್ತದೆ, ನಿಮ್ಮ ಹೊಲದಲ್ಲೇ ಆಗಿದೆ. ಹೈಬ್ರಿಡ್ ಸೂರ್ಯಕಾಂತಿ ಬೀಜ ಮಾಡಲು ಪರಾಗ ಕೊಡದ ತಾಯಿ ಗಿಡ ಬೇಕಿತ್ತು, ಕೈಯಿಂದ ಸಾವಿರಾರು ಸಣ್ಣ ಹೂವುಗಳ ಪರಾಗ ಕೀಳುವುದು ಯಾರಿಂದಲೂ ಆಗುವ ಕೆಲಸ ಅಲ್ಲ. 1969ರಲ್ಲಿ ಫ್ರಾನ್ಸಿನ ಲೆಕ್ಲರ್ಕ್ ಅನ್ನುವವರಿಗೆ ಅಂಥ ಗಿಡ ಸಿಕ್ಕಿತು, ಅದು ಹೆಲಿಯಾಂಥಸ್ ಪೆಟಿಯೊಲಾರಿಸ್ ಎಂಬ ಕಾಡು ಸೂರ್ಯಕಾಂತಿಯನ್ನು ನಮ್ಮ ಸೂರ್ಯಕಾಂತಿಯ ಜೊತೆ ಕೂಡಿಸಿದಾಗ. ಅದರ ಮೇಲೆಯೇ ಹೈಬ್ರಿಡ್ ಬೀಜದ ವ್ಯವಹಾರ ನಿಂತಿತು. ನಮ್ಮ ದೇಶದ ಮೊದಲ ಹೈಬ್ರಿಡ್ ಸೂರ್ಯಕಾಂತಿ ಬಿಎಸ್‌ಎಚ್-1, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ 1980ರಲ್ಲಿ ಬಂತು. ಯಾರು ಯಾರಿಗೆ ಎಷ್ಟು ಹತ್ತಿರ ಅನ್ನುವ ಲೆಕ್ಕ ಬೀಜ ಮಾಡುವವರಿಗೆ ಯಾಕೆ ಬೇಕು ಅಂತ ಈಗ ತಿಳಿಯಿತಲ್ಲ?

ಪ್ರಶ್ನೆ: ಜಮಖಂಡಿಯಿಂದ ಬರೆಯುತ್ತಿದ್ದೇನೆ. ಕೂದಲಿಗೆ ಒಳ್ಳೇದು ಅಂತ ಗರಗದ ಸೊಪ್ಪು ತಂದು ಎಣ್ಣೆ ಕಾಯಿಸಿದೆ. ನೋಡಿದ ಓರಗಿತ್ತಿ ಇದು ಗರಗ ಅಲ್ಲ, ರಸ್ತೆ ಬದಿ ಕಸ ಅಂದಳು. ಎರಡಕ್ಕೂ ಬಿಳಿ ಹೂವೇ ಇದೆ. ಹೇಗೆ ಗುರುತಿಸುವುದು?

ಉತ್ತರ: ಓರಗಿತ್ತಿ ಗೆದ್ದಿದ್ದಾಳೆ ಅನಿಸುತ್ತದೆ. ನೀವು ತಂದದ್ದು ಬಹುಶಃ ಟ್ರೈಡ್ಯಾಕ್ಸ್. ಮೊದಲು ಗಿಡ ಎಲ್ಲಿತ್ತು ನೆನಪು ಮಾಡಿಕೊಳ್ಳಿ. ಗರಗ ಕಾಲುವೆ ಅಂಚು, ಗದ್ದೆ ಬದು, ತಂಪು ಇದ್ದಲ್ಲಿ ಬರುತ್ತದೆ. ಟ್ರೈಡ್ಯಾಕ್ಸ್‌ಗೆ ಒಣ ಗೋಡೆ ಸಂದಿಯೂ ಸಾಕು. ಟ್ರೈಡ್ಯಾಕ್ಸ್ ಹೂವಿನ ದಂಟು ಗೇಣುದ್ದ, ಬೋಳಾಗಿ ನಿಂತಿರುತ್ತದೆ, ತುದಿಗೆ ಒಂದೇ ಹೂತಲೆ. ಅಂಚಿನ ಹೂವು ಐದಾರು, ಅಗಲ, ತುದಿಯಲ್ಲಿ ಮೂರು ಹಲ್ಲು. ಗರಗದ ಹೂವು ಗುಂಡಿಯಷ್ಟು ಸಣ್ಣದು, ಅಂಚಿನಲ್ಲಿ ಬಿಳಿ ದಾರದಂಥ ಹೂವುಗಳು ಬಹಳ. ಗರಗದ ಎಲೆ ಉದ್ದಕ್ಕೆ ಸಪೂರ, ಟ್ರೈಡ್ಯಾಕ್ಸ್ ಎಲೆ ಅಗಲ, ಅಂಚು ಗರಗಸದ ಹಾಗೆ ಹರಿದಿದೆ. ಒಣಗಿದ ಮೇಲೆ ಟ್ರೈಡ್ಯಾಕ್ಸ್ ಬೀಜಕ್ಕೆ ಪುಕ್ಕದ ಕುಚ್ಚು ಬರುತ್ತದೆ, ಊದಿದರೆ ಹಾರುತ್ತದೆ. ಗರಗದ ಬೀಜ ಹಾರುವುದಿಲ್ಲ. ಎಲ್ಲಕ್ಕಿಂತ ಸುಲಭ, ಎಲೆಯನ್ನು ಅಂಗೈಯಲ್ಲಿ ಹೊಸಕಿ. ಗರಗವಾದರೆ ಸ್ವಲ್ಪ ಹೊತ್ತಿಗೆ ಕೈ ಕಪ್ಪಾಗುತ್ತದೆ. ಕಾಯಿಸಿದ ಎಣ್ಣೆ ತಲೆಗೆ ಹಚ್ಚಬೇಡಿ.

ಪ್ರಶ್ನೆ: ಖಾನಾಪುರ ತಾಲ್ಲೂಕಿನ ಶಾಲೆಯಲ್ಲಿ ಶಿಕ್ಷಕಿ ನಾನು. ಮಳೆ ನಿಂತ ಮೇಲೆ ಜಾಂಬೋಟಿ, ಕಣಕುಂಬಿ ಕಡೆ ಗುಡ್ಡವೆಲ್ಲ ಹಳದಿ. ಮಕ್ಕಳಲ್ಲಿ ಕೆಲವರು ಸೋನಕಿ ಅನ್ನುತ್ತಾರೆ, ಕೆಲವರು ಗುರೆಳ್ಳು ಅನ್ನುತ್ತಾರೆ. ಯಾವುದು ಅಂತ ಹೇಳಲಿ?

ಉತ್ತರ: ಅಕ್ಕೋರೇ, ಎರಡೂ ಇರಬಹುದು, ಹೊಲದಲ್ಲಿದ್ದರೆ ಗುರೆಳ್ಳು, ಬಂಡೆಯ ಮೇಲಿದ್ದರೆ ಸೋನಕಿ ಅಂತ ಮೊದಲು ಅಂದಾಜು ಮಾಡಿ. ಆಮೇಲೆ ಮತ್ತೆ ಅದೇ ಪಾಠ, ಹೂವು ಬೋರಲು ಹಾಕಿಸಿ. ಗುರೆಳ್ಳಿನಲ್ಲಿ ಹೊರಗೆ ಐದು ಅಗಲ ಹಸಿರು ದಳಗಳು ಎಲೆಯ ಹಾಗೆ ಇರುತ್ತವೆ. ಸೋನಕಿಯಲ್ಲಿ ಒಂದೇ ಎತ್ತರದ ಸಣ್ಣ ದಳಗಳು ಬೇಲಿ ಗೂಟದ ಹಾಗೆ ಒಂದೇ ಸಾಲು. ಬೀಜವಾದಾಗ ಇನ್ನೂ ಸುಲಭ. ಗುರೆಳ್ಳು ಕಪ್ಪಗೆ ಮಿರಿಮಿರಿ, ತಲೆ ಬೋಳು, ಮನೆಯ ಚಟ್ನಿ ಡಬ್ಬಿಯಲ್ಲಿ ನೋಡಿದ್ದೇ. ಸೋನಕಿಗೆ ಬಿಳಿ ರೇಷ್ಮೆ ಕುಚ್ಚು. ಸೋನಕಿಯ ಕುಲದ ಹೆಸರು ಸೆನೆಸಿಯೊ, ಲ್ಯಾಟಿನ್‌ನಲ್ಲಿ ಮುದುಕ ಅನ್ನುವ ಮಾತಿನಿಂದ ಬಂದದ್ದು, ಆ ನರೆಗೂದಲಿಗೇ.

ಆದರೆ ಸೋನಕಿ ಅಂದ ತಕ್ಷಣ ಮುಗಿಯಲಿಲ್ಲ. ಸಹ್ಯಾದ್ರಿಯಲ್ಲಿ ಸೆನೆಸಿಯೊ ಪ್ರಭೇದಗಳು ಹಲವಾರು ಇವೆ. ಸಾಮಾನ್ಯವಾಗಿ ಸೋನಕಿ ಅನ್ನುವುದು ಸೆನೆಸಿಯೊ ಬಾಂಬೆಯೆನ್ಸಿಸ್. ಇನ್ನೊಂದರ ಹೆಸರು ಕೇಳಿದರೆ ನಿಮ್ಮ ಮಕ್ಕಳು ಎದ್ದು ಕೂರುತ್ತಾರೆ, ಸೆನೆಸಿಯೊ ಬೆಲ್‌ಗಾಮೆನ್ಸಿಸ್. ಹೌದು, ನಮ್ಮ ಬೆಳಗಾವಿಯ ಹೆಸರೇ. ಇವುಗಳನ್ನು ಬೇರ್ಪಡಿಸಲು ಫೋನಿನಲ್ಲಿ ತೆಗೆದ ಒಂದು ಹಳದಿ ಫೋಟೋ ಸಾಲುವುದಿಲ್ಲ. ಜನ ನನಗೆ ದಿನಾ ಅಂಥ ಫೋಟೋ ಕಳಿಸುತ್ತಾರೆ, ಎಲ್ಲವೂ ಮೇಲಿನಿಂದ ತೆಗೆದವು! ಬುಡದ ಎಲೆ, ದಂಟಿನ ನಡುವಿನ ಎಲೆ, ಹೂತಲೆಯ ಹಿಂಭಾಗ, ಮಾಗಿದ ಬೀಜ, ಈ ನಾಲ್ಕೂ ಬೇಕು. ಬೀಜ ತೆಗೆಯುವಾಗ ಅಂಚಿನ ಹೂವಿನದನ್ನು ಬೇರೆ, ನಡುವಿನದನ್ನು ಬೇರೆ ಕಾಗದದಲ್ಲಿ ಕಟ್ಟಿಸಿ. ಈ ಕುಟುಂಬದಲ್ಲಿ ಒಂದೇ ಹೂತಲೆಯಲ್ಲಿ ಎರಡು ಥರದ ಬೀಜ ಇರುವುದುಂಟು, ಹತ್ತಿರದ ಪ್ರಭೇದಗಳನ್ನು ಹಿಡಿದುಕೊಡುವುದು ಎಷ್ಟೋ ಸಲ ಅದೇ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಲೆನ್ಸ್ ಶಾಲೆಗೆ ಒಂದು ಇರಲಿ. ಗಿಡ ಮಾತ್ರ ಬೇರುಸಹಿತ ಕೀಳಿಸಬೇಡಿ.

ಪ್ರಶ್ನೆ: ಮುಧೋಳದವಳು ನಾನು. ಹೊಲದಲ್ಲಿ ಕಾಂಗ್ರೆಸ್ ಕಸ ಕಿತ್ತು ಕಿತ್ತು ಕೈಗೆ, ಕುತ್ತಿಗೆಗೆ ತುರಿಕೆ ಹತ್ತಿದೆ. ಈಗ ಸೇವಂತಿಗೆ ಹಾರ ಕಟ್ಟಿದರೂ ತುರಿಸುತ್ತದೆ. ಇದು ನನ್ನ ಭ್ರಮೆ ಅಂತ ಮನೆಯವರು ನಗುತ್ತಾರೆ.

ಉತ್ತರ: ಭ್ರಮೆ ಅಲ್ಲಮ್ಮ. ಕಾಂಗ್ರೆಸ್ ಕಸದಲ್ಲಿ ಪಾರ್ಥೆನಿನ್ ಅನ್ನುವ ವಸ್ತು ಇದೆ, ತುರಿಕೆ ತರುವುದು ಅದು. ಅದೇ ಗುಂಪಿನ ರಾಸಾಯನಿಕಗಳು ಈ ಕುಟುಂಬದ ಬೇರೆ ಗಿಡಗಳಲ್ಲೂ ಇವೆ, ಸೇವಂತಿಗೆಯಲ್ಲೂ ಇವೆ. ಒಂದಕ್ಕೆ ಒಗ್ಗದ ಮೈ ಇನ್ನೊಂದನ್ನೂ ಗುರುತು ಹಿಡಿಯುತ್ತದೆ. ಮೇಲೆ ನಾವು ಲೆನ್ಸ್ ಹಿಡಿದು ಮಾಡಿದ ಕೆಲಸವನ್ನೇ ನಿಮ್ಮ ಚರ್ಮ ಲೆನ್ಸಿಲ್ಲದೆ ಮಾಡುತ್ತಿದೆ ಅನ್ನಿ. ಚರ್ಮದ ಡಾಕ್ಟರಿಗೆ ತೋರಿಸಿ, ಕಾಂಗ್ರೆಸ್ ಕಸದ ಜೊತೆ ಸೇವಂತಿಗೆಯ ವಿಷಯವನ್ನೂ ಮರೆಯದೆ ಹೇಳಿ. ಕಸ ಕೀಳಲು ಹೋದರೆ ಕೈಗವಸು, ತುಂಬು ತೋಳು ಬೇಕೇ ಬೇಕು, ಹೂವು ಬಿಡುವ ಮೊದಲೇ ಕೀಳಿಸಿದರೆ ಇನ್ನೂ ಒಳ್ಳೆಯದು. ಈ ದೀಪಾವಳಿಗೆ ಹಾರ ಕಟ್ಟುವ ಕೆಲಸವನ್ನು ನಕ್ಕವರಿಗೇ ಕೊಡಿ.